ಹೈಟಿಯ ಸರ್ಕಾರ ಯಾರಿಗೆ ಉತ್ತರ ಕೊಡಬೇಕು?

(ಓದುಗರ ಬಳಗವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಅವಕ್ಕೆ ಕೊಟ್ಟ ಉತ್ತರಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ದೊಡ್ಡ ದೇಶಗಳು ಸಣ್ಣ ದೇಶಗಳಿಗೆ ಸೈನ್ಯ ಕಳಿಸಿ, ಪ್ರಜಾಪ್ರಭುತ್ವ ತಂದುಕೊಡುತ್ತೇವೆ ಅನ್ನುತ್ತವಲ್ಲ, ಅದರ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಈ ವಿಷಯ ಬಂದ ಕೂಡಲೇ ಇರಾಕ್, ಅಫ್ಘಾನಿಸ್ತಾನಗಳ ಹೆಸರು ಬರುತ್ತದೆ. ನಾನು ಇವತ್ತು ಇನ್ನೊಂದೇ ದೇಶ ಹಿಡಿದು ಮಾತಾಡುತ್ತೇನೆ, ಹೈಟಿ. ಕೆರಿಬಿಯನ್ ಸಮುದ್ರದ ಒಂದು ದ್ವೀಪದಲ್ಲಿ ಸುಮಾರು ಮೂರನೇ ಒಂದು ಭಾಗ. ಕರ್ನಾಟಕದ ಏಳನೇ ಒಂದು ಭಾಗದಷ್ಟು ನೆಲ, ಒಂದು ಕೋಟಿಗೂ ಸ್ವಲ್ಪ ಜಾಸ್ತಿ ಜನ. ಹೊರಗಿನವರು ಇಷ್ಟು ಸಲ "ಸರಿ ಮಾಡಲು" ಬಂದ ದೇಶ ಇನ್ನೊಂದು ಸಿಗುವುದು ಕಷ್ಟ. ಅದಕ್ಕೇ ಈ ದೇಶವನ್ನು ಆರಿಸಿಕೊಂಡೆ.

ಹೈಟಿ ಸುದ್ದಿಯಲ್ಲಿ ಬರುವುದು ಭೂಕಂಪ ಆದಾಗ, ಗ್ಯಾಂಗುಗಳು ಊರಿಗೆ ಬೆಂಕಿ ಇಟ್ಟಾಗ. ಅದನ್ನು ನೋಡಿದವರು "ಅಲ್ಲಿನ ಜನರಿಗೆ ಆಡಳಿತ ನಡೆಸಲು ಬರುವುದಿಲ್ಲ" ಅಂದುಬಿಡುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಗುಲಾಮರೇ ದಂಗೆ ಎದ್ದು, ನೆಪೋಲಿಯನ್ನನ ಸೈನ್ಯವನ್ನು ಸೋಲಿಸಿ, 1804ರಲ್ಲಿ ಸ್ವತಂತ್ರ ದೇಶ ಕಟ್ಟಿದ್ದು ಇಲ್ಲಿ. ಅದಕ್ಕೆ ಅವರು ತೆತ್ತ ಬೆಲೆ ಕೇಳಿ. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ತಂದು ನಿಲ್ಲಿಸಿತು. ತೋಟ, ಗುಲಾಮರನ್ನು ಕಳೆದುಕೊಂಡ ಮಾಲೀಕರಿಗೆ 15 ಕೋಟಿ ಫ್ರಾಂಕ್ ಪರಿಹಾರ ಕೊಡಿ ಅಂತ ಕೇಳಿತು. ಅಂದರೆ ಬಿಡುಗಡೆಯಾದವರು ತಮ್ಮ ಮೈಯ ಬೆಲೆಯನ್ನು ತಾವೇ ಕಟ್ಟಬೇಕು! ಆಮೇಲೆ ಈ ಮೊತ್ತವನ್ನು 9 ಕೋಟಿಗೆ ಇಳಿಸಿದರು. ಆದರೂ ಅದನ್ನು ತೀರಿಸಲು ಸಾಲ, ಆ ಸಾಲ ತೀರಿಸಲು ಇನ್ನೊಂದು ಸಾಲ. ಇದರ ಬಾಲ 1947ರವರೆಗೆ ಎಳೆದುಕೊಂಡು ಹೋಯಿತು. ಅಮೆರಿಕ ಹೈಟಿಯನ್ನು ದೇಶ ಅಂತ ಒಪ್ಪಿದ್ದು 1862ರಲ್ಲಿ, 58 ವರ್ಷ ಕಳೆದ ಮೇಲೆ.

ಈಗ 1914ಕ್ಕೆ ಬರೋಣ. ಡಿಸೆಂಬರ್ 17ರಂದು ಅಮೆರಿಕದ ಮರೀನ್ ಸೈನಿಕರು ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನಲ್ಲಿ ಇಳಿದರು. ಹೈಟಿಯ ನ್ಯಾಷನಲ್ ಬ್ಯಾಂಕಿಗೆ ಹೋಗಿ 5 ಲಕ್ಷ ಡಾಲರ್ ಚಿನ್ನವನ್ನು ಹೊತ್ತು 'ಮಚಾಯಸ್' ಎಂಬ ಯುದ್ಧನೌಕೆಗೆ ತುಂಬಿದರು. ಅದು ನ್ಯೂಯಾರ್ಕಿಗೆ ಹೋಯಿತು. ಮುಂದಿನ ವರ್ಷ ಜುಲೈನಲ್ಲಿ ರಾಜಧಾನಿಯಲ್ಲಿ ದೊಡ್ಡ ರಕ್ತಪಾತ ಆಯಿತು. ಸರ್ಕಾರದ ಕಡೆಯವರು ಜೈಲಿನಲ್ಲಿದ್ದ ರಾಜಕೀಯ ಕೈದಿಗಳನ್ನು ಕೊಂದರು. ರೊಚ್ಚಿಗೆದ್ದ ಜನ ಅಧ್ಯಕ್ಷ ಸಾಮ್‌ನನ್ನು ಬೀದಿಗೆ ಎಳೆದು ಕೊಂದರು. ಜುಲೈ 28ರಂದು ಮರೀನ್‌ಗಳು ಮತ್ತೆ ಇಳಿದರು. ಶಾಂತಿ ಕಾಪಾಡಲು ಬಂದಿದ್ದೇವೆ ಅಂದರು. ಹೊರಟಿದ್ದು 1934ರಲ್ಲಿ, 19 ವರ್ಷದ ನಂತರ.

ಆ 19 ವರ್ಷದಲ್ಲಿ ಎರಡು ಘಟನೆಗಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಮೊದಲನೆಯದು ಸಂವಿಧಾನದ ಕತೆ. ಹೈಟಿಯ ಹಳೆಯ ಸಂವಿಧಾನಗಳಲ್ಲಿ ಒಂದು ಗಟ್ಟಿ ನಿಯಮ ಇತ್ತು: ವಿದೇಶಿಯರು ನೆಲ ಕೊಳ್ಳುವಂತಿಲ್ಲ. ಮಾಲೀಕರ ಕೈಯಿಂದ ರಕ್ತ ಹರಿಸಿ ನೆಲ ಕಿತ್ತುಕೊಂಡ ಜನ, ಅದನ್ನು ಮತ್ತೆ ಅಂಥವರ ಕೈಗೆ ಹೋಗಲು ಬಿಡುತ್ತಾರಾ? ಅಮೆರಿಕಕ್ಕೆ ಈ ನಿಯಮ ತೆಗೆಸಬೇಕಿತ್ತು. ಹೊಸ ಸಂವಿಧಾನದ ಕರಡು ಬಂತು. ಹೈಟಿಯ ಸಂಸತ್ತು ಅದನ್ನು ಒಪ್ಪಲಿಲ್ಲ, ತನ್ನದೇ ಕರಡು ಬರೆಯತೊಡಗಿತು. 1917ರ ಏಪ್ರಿಲ್‌ನಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್, ಜಗತ್ತನ್ನು ಪ್ರಜಾಪ್ರಭುತ್ವಕ್ಕೆ ಸುರಕ್ಷಿತ ಮಾಡಬೇಕು ಅಂತ ಹೇಳಿ ಅಮೆರಿಕವನ್ನು ಮಹಾಯುದ್ಧಕ್ಕೆ ಇಳಿಸಿದರು. ಅದೇ ವರ್ಷ ಜೂನ್‌ನಲ್ಲಿ, ಅವರದೇ ಮರೀನ್ ಅಧಿಕಾರಿ ಸ್ಮೆಡ್ಲಿ ಬಟ್ಲರ್ ಹೈಟಿಯ ಸಂಸತ್ತಿನೊಳಗೆ ಹೋಗಿ ಅದನ್ನು ಮುಚ್ಚಿಸಿದರು. ಆಗ ಬಟ್ಲರ್, ಅಮೆರಿಕನ್ನರು ಹೈಟಿಯಲ್ಲಿ ಕಟ್ಟಿದ ಹೊಸ ಸಶಸ್ತ್ರ ಪಡೆಯ ಮುಖ್ಯಸ್ಥ. ಹದಿನೆಂಟು ವರ್ಷದ ನಂತರ, ನಿವೃತ್ತಿಯಾದ ಮೇಲೆ, ಈ ಬಟ್ಲರ್ ಅವರೇ ತಾನು ಹೈಟಿಯಲ್ಲಿ ದುಡಿದದ್ದು ನ್ಯೂಯಾರ್ಕಿನ ಬ್ಯಾಂಕಿನವರಿಗಾಗಿ ಅಂತ ಬಹಿರಂಗವಾಗಿ ಬರೆದರು.

ಸಂಸತ್ತು ಇಲ್ಲ, ಸರಿ. ಹೊಸ ಸಂವಿಧಾನಕ್ಕೆ ಒಪ್ಪಿಗೆ ಯಾರು ಕೊಡಬೇಕು? ಜನರೇ ಕೊಡಲಿ ಅಂದರು. 1918ರ ಜೂನ್‌ನಲ್ಲಿ ಜನಮತಗಣನೆ ನಡೆಯಿತು. ಮತಗಟ್ಟೆಗಳ ಉಸ್ತುವಾರಿ ಅದೇ ಸಶಸ್ತ್ರ ಪಡೆಯದು. ಬಹುಪಾಲು ಜನರಿಗೆ ಓದು ಬರಹ ಬರುತ್ತಿರಲಿಲ್ಲ. ಪರವಾಗಿ 98,225 ಮತ ಬಿತ್ತು. ವಿರುದ್ಧ ಬಿದ್ದದ್ದು 768. ದೇಶದ ಜನಸಂಖ್ಯೆಯಲ್ಲಿ ನೂರಕ್ಕೆ ಐದು ಜನವೂ ಮತ ಹಾಕಿರಲಿಲ್ಲ. ವಿದೇಶಿಯರು ನೆಲ ಕೊಳ್ಳಬಹುದು ಅಂತಾಯಿತು. ಸಂಸತ್ತು ಮತ್ತೆ ಸೇರಿದ್ದು 1930ರಲ್ಲಿ. ಜನಮತಗಣನೆ ನಡೆದಾಗ ಅಮೆರಿಕದ ನೌಕಾಖಾತೆಯಲ್ಲಿ ಉಪಕಾರ್ಯದರ್ಶಿಯಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್, 1920ರ ಚುನಾವಣಾ ಪ್ರಚಾರದಲ್ಲಿ ಹೈಟಿಯ ಸಂವಿಧಾನವನ್ನು ಬರೆದದ್ದು ನಾನೇ ಅಂತ ಹೆಮ್ಮೆಯಿಂದ ಹೇಳಿಕೊಂಡರು. ಅದು ಪೂರ್ತಿ ನಿಜವಲ್ಲ. ಆದರೆ ಅಂಥ ಮಾತನ್ನು ಹೆಮ್ಮೆಯಿಂದ ಹೇಳಬಹುದು ಅಂತ ಅವರಿಗೆ ಅನ್ನಿಸಿತಲ್ಲ, ಅದು ಆ ಕಾಲದ ಮನಸ್ಸನ್ನು ತೋರಿಸುತ್ತದೆ.

ಎರಡನೆಯದು ರಸ್ತೆ ಕೆಲಸ. ರೈತರು ವರ್ಷಕ್ಕೆ ಕೆಲವು ದಿನ ತಮ್ಮೂರಿನ ರಸ್ತೆಗೆ ಬಿಟ್ಟಿ ದುಡಿಯಬೇಕು ಅಂತ ಹೈಟಿಯಲ್ಲಿ ಒಂದು ಹಳೆಯ ಕಾನೂನಿತ್ತು. ಯಾರೂ ಅದನ್ನು ಬಳಸುತ್ತಿರಲಿಲ್ಲ. ಮರೀನ್‌ಗಳು ಅದನ್ನು ಎತ್ತಿಕೊಂಡರು. ರೈತರನ್ನು ಹಗ್ಗ ಕಟ್ಟಿ ದೂರದ ಊರುಗಳಿಗೆ ಕರೆದುಕೊಂಡು ಹೋಗಿ ದುಡಿಸಿದರು. ಓಡಿದವರ ಮೇಲೆ ಗುಂಡು ಹಾರಿಸಿದರು. ಹೆದ್ದಾರಿ ಆಯಿತು, ಸುಳ್ಳಲ್ಲ. ಆದರೆ ಗುಲಾಮಗಿರಿಯನ್ನು ತಮ್ಮ ಕೈಯಾರೆ ಮುರಿದವರ ಮರಿಮಕ್ಕಳಿಗೆ ಆ ಹಗ್ಗ ನೋಡಿ ಏನನ್ನಿಸಿರಬೇಕು! ಹಳ್ಳಿಗಳು ದಂಗೆ ಎದ್ದವು. ಮುಂದಾಳು ಶಾರ್ಲಮಾನ್ ಪೆರಾಲ್ಟ್, ಹಿಂದೆ ಸೇನಾಧಿಕಾರಿಯಾಗಿದ್ದವನು. ಅವನನ್ನು ಕೈದಿ ಮಾಡಿ ಕಾಪ್-ಆಯ್ಸಿಯೆನ್ ಊರಿನ ಬೀದಿ ಗುಡಿಸಲು ಹಾಕಿದ್ದರು. ಅಲ್ಲಿಂದ ತಪ್ಪಿಸಿಕೊಂಡು ಸಾವಿರಾರು ರೈತರನ್ನು ಕಟ್ಟಿದ. 1919ರ ಅಕ್ಟೋಬರ್ ಕೊನೆಯ ರಾತ್ರಿ, ಒಳಗಿನವನೊಬ್ಬ ದಾರಿ ತೋರಿಸಿದ. ಮುಖಕ್ಕೆ ಕಪ್ಪು ಬಳಿದುಕೊಂಡ ಮರೀನ್‌ಗಳು ಅವನ ಬಿಡಾರಕ್ಕೆ ನುಗ್ಗಿ ಗುಂಡಿಟ್ಟು ಕೊಂದರು. ಹೆಣವನ್ನು ಒಂದು ಬಾಗಿಲಿಗೆ ಕಟ್ಟಿ, ಫೋಟೋ ತೆಗೆದು, ಪ್ರತಿಗಳನ್ನು ಹಂಚಿದರು. ಜನ ಹೆದರಲಿ ಅಂತ. ಜನ ಅದರಲ್ಲಿ ಶಿಲುಬೆಗೇರಿದ ಕ್ರಿಸ್ತನನ್ನು ಕಂಡರು. ಆ ವರ್ಷಗಳ ಕಾದಾಟದಲ್ಲಿ 3,250 ಹೈಟಿಯನ್ನರು ಸತ್ತರು ಅಂತ ಮರೀನ್ ದಳದ ಮುಖ್ಯಸ್ಥರೇ ವರದಿ ಕೊಟ್ಟರು.

ಆಸ್ಪತ್ರೆ, ಸೇತುವೆ, ಟೆಲಿಫೋನ್ ತಂದರಲ್ಲ ಅನ್ನುವವರಿದ್ದಾರೆ. ತಂದರು. ಅವೆಲ್ಲ ಬಹುಕಾಲ ಉಳಿಯಲಿಲ್ಲ. ಉಳಿದದ್ದು ಅವರು ಕಟ್ಟಿದ ಸೈನ್ಯ. ಹೊರಗಿನ ಶತ್ರುವಿನ ಜೊತೆ ಕಾದಾಡಲು ಕಟ್ಟಿದ ಸೈನ್ಯ ಅಲ್ಲ ಅದು, ಒಳಗಿನ ಜನರನ್ನು ಹದ್ದುಬಸ್ತಿನಲ್ಲಿಡಲು ಕಟ್ಟಿದ್ದು. ಹೊರಗಿನವರು ಹೋದ ಮೇಲೆ ಅಧ್ಯಕ್ಷರನ್ನು ಕೂರಿಸುವುದೂ ಇಳಿಸುವುದೂ ಅದರ ಕೆಲಸವಾಯಿತು. 1957ರಲ್ಲಿ ಡಾಕ್ಟರ್ ಫ್ರಾಂಸ್ವಾ ಡುವಾಲಿಯೆ ಬಂದ. ಆಮೇಲೆ ಅವನ ಮಗ. ಇಬ್ಬರೂ ಸೇರಿ 29 ವರ್ಷ ಆಳಿದರು. ಶೀತಲ ಸಮರದ ದಿನಗಳು, ಪಕ್ಕದಲ್ಲೇ ಕ್ಯೂಬಾ. ಮಧ್ಯೆ ಕೆಲವು ಕಾಲ ಬಿಟ್ಟರೆ ವಾಷಿಂಗ್ಟನ್ ಅವರಿಬ್ಬರನ್ನೂ ಸಹಿಸಿಕೊಂಡಿತು, ಹಣವನ್ನೂ ಕೊಟ್ಟಿತು.

ಈಗ ನನಗೆ ತುಂಬ ಮುಖ್ಯ ಅನ್ನಿಸುವ ಭಾಗಕ್ಕೆ ಬರುತ್ತೇನೆ. ಹೈಟಿಗೆ ಪ್ರಜಾಪ್ರಭುತ್ವ ಹೊರಗಿನಿಂದ ಬರಬೇಕಿತ್ತು ಅನ್ನುವವರು ಈ ನಾಲ್ಕು ವರ್ಷಗಳನ್ನು ಓದಲೇಬೇಕು. 1986ರ ಫೆಬ್ರವರಿಯಲ್ಲಿ ಮಗ ಡುವಾಲಿಯೆ ದೇಶ ಬಿಟ್ಟು ಓಡಿದ. ಬೀದಿಗಿಳಿದ ಜನ, ಚರ್ಚಿನ ರೇಡಿಯೋ, ಶಾಲೆ ಮಕ್ಕಳು ಎಲ್ಲ ಸೇರಿ ಓಡಿಸಿದರು. 1987ರ ಮಾರ್ಚ್‌ನಲ್ಲಿ ಹೊಸ ಸಂವಿಧಾನ ಬಂತು. ಫ್ರೆಂಚಿನಲ್ಲೂ ಇತ್ತು, ಜನ ಮನೆಯಲ್ಲಿ ಆಡುವ ಕ್ರಿಯೋಲ್‌ನಲ್ಲೂ ಇತ್ತು. ಆ ವರ್ಷ ನವೆಂಬರ್ 29ಕ್ಕೆ ಚುನಾವಣೆ. ಬೆಳಿಗ್ಗೆ ರಾಜಧಾನಿಯ ವಯಾಂ ಗಲ್ಲಿಯ ಶಾಲೆಯೊಂದರಲ್ಲಿ ಜನ ಮತ ಹಾಕಲು ಸಾಲು ನಿಂತಿದ್ದರು. ಬಂದೂಕು, ಮಚ್ಚು ಹಿಡಿದವರು ನುಗ್ಗಿ ಸಾಲಿನಲ್ಲಿದ್ದವರನ್ನು ಕೊಂದರು. ಸೈನ್ಯ ತಡೆಯಲಿಲ್ಲ. ಚುನಾವಣೆ ರದ್ದಾಯಿತು.

ಮೂರು ವರ್ಷ ಆದ ಮೇಲೆ, 1990ರ ಡಿಸೆಂಬರ್ 16ರಂದು, ಅದೇ ಜನ ಮತ್ತೆ ಸಾಲು ನಿಂತರು. ಯೋಚನೆ ಮಾಡಿ. ಸಾಲಿನಲ್ಲಿ ನಿಂತವರನ್ನು ಕೊಚ್ಚಿದ್ದನ್ನು ಕಂಡವರು, ಕೇಳಿದವರು ಅವರು. ವಾಷಿಂಗ್ಟನ್‌ಗೆ ಇಷ್ಟವಾದ ಅಭ್ಯರ್ಥಿ, ವಿಶ್ವಬ್ಯಾಂಕಿನಲ್ಲಿ ಕೆಲಸ ಮಾಡಿದ್ದ ಮಾರ್ಕ್ ಬಜಾಂ. ಜನ ಆರಿಸಿದ್ದು ಸ್ಲಮ್ಮಿನ ಚರ್ಚಿನ ಪಾದ್ರಿ ಅರಿಸ್ಟೀಡ್ ಅವರನ್ನು, ಶೇ. 67 ಮತ ಕೊಟ್ಟು. ಆ ಚುನಾವಣೆಗೆ ವಿಶ್ವಸಂಸ್ಥೆಯ ವೀಕ್ಷಕರು ಬಂದಿದ್ದರು. ಅದು ನಿಜವಾದ ಸಹಾಯ, ಅದನ್ನು ಮರೆಯಬಾರದು. ಆದರೆ ಮುಖ್ಯ ಕೆಲಸ ಮಾಡಿದವರು ಹೈಟಿಯ ಜನರೇ.

ಅವರು ಅಧಿಕಾರಕ್ಕೆ ಬಂದು ಎಂಟು ತಿಂಗಳೂ ತುಂಬಲಿಲ್ಲ. 1991ರ ಸೆಪ್ಟೆಂಬರ್ 30ರಂದು ಸೈನ್ಯ ಅರಿಸ್ಟೀಡ್ ಅವರನ್ನು ಓಡಿಸಿತು. ಸಾವಿರಾರು ಜನ ಸತ್ತರು. ಜನ ಸಣ್ಣ ದೋಣಿ ಹತ್ತಿ ಫ್ಲಾರಿಡಾ ಕಡೆ ಹೊರಟರು. ಅಮೆರಿಕದ ಕರಾವಳಿ ಪಡೆ ಅವರನ್ನು ಸಮುದ್ರದಲ್ಲೇ ತಡೆದು, ಅನೇಕರನ್ನು ಕ್ಯೂಬಾದಲ್ಲಿರುವ ಅಮೆರಿಕದ ನೌಕಾನೆಲೆ ಗ್ವಾಂಟಾನಾಮೊದಲ್ಲಿ ಇಟ್ಟಿತು. ಈ ದೋಣಿಗಳು ಅಮೆರಿಕದ ರಾಜಕೀಯಕ್ಕೆ ತಲೆನೋವಾದವು. 1994ರ ಜುಲೈನಲ್ಲಿ ಭದ್ರತಾ ಮಂಡಳಿ 940ನೇ ನಿರ್ಣಯದ ಮೂಲಕ ಬಲಪ್ರಯೋಗಕ್ಕೆ ಒಪ್ಪಿಗೆ ಕೊಟ್ಟಿತು. ಸೆಪ್ಟೆಂಬರ್ 19ರಂದು ಅಮೆರಿಕದ ಸೈನ್ಯ ಇಳಿಯಿತು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಹೋಗಿ ಮಾತುಕತೆ ಮಾಡಿದ್ದರಿಂದ ಯುದ್ಧ ಆಗಲಿಲ್ಲ. ಅಕ್ಟೋಬರ್ 15ಕ್ಕೆ ಅರಿಸ್ಟೀಡ್ ವಾಪಸ್ ಬಂದರು. ಜನ ಅದಕ್ಕೂ ಮುಂಚೆಯೇ ಬೀದಿಗಳನ್ನು ಗುಡಿಸಿ, ಗೋಡೆಗಳಿಗೆ ಬಣ್ಣ ಬಳಿದಿದ್ದರು. ಆ ಸಂತೋಷ ನಿಜವಾದದ್ದು. ಜನ ಆರಿಸಿದವರನ್ನು ವಾಪಸ್ ಕೂರಿಸಿದ ಆ ಕೆಲಸವನ್ನು ನಾನು ತಪ್ಪು ಅನ್ನುವುದಿಲ್ಲ.

ತಪ್ಪಾಗಿದ್ದು ಷರತ್ತುಗಳಲ್ಲಿ. ವಾಪಸ್ ಬರುವ ಮುಂಚೆಯೇ, ಪ್ಯಾರಿಸ್‌ನಲ್ಲಿ ಸಾಲ ಕೊಡುವವರ ಜೊತೆ ಒಂದು ಆರ್ಥಿಕ ಯೋಜನೆ ಒಪ್ಪಿಕೊಂಡಿದ್ದಾಗಿತ್ತು. ಸರ್ಕಾರಿ ಕಂಪನಿಗಳ ಮಾರಾಟ, ಆಮದು ಸುಂಕ ಇಳಿಸುವುದು, ಹೀಗೆ. ನಾವು ಅನ್ನ ತಿನ್ನುವವರು, ಹಾಗಾಗಿ ಅಕ್ಕಿಯ ವಿಷಯವನ್ನೇ ಹೇಳುತ್ತೇನೆ.

ಆರ್ಟಿಬೊನೀಟ್ ನದಿಯ ಬಯಲು ಹೈಟಿಯ ಭತ್ತದ ಕಣಜ. 1980ರ ದಶಕದ ಮೊದಲವರೆಗೂ ದೇಶ ತಿನ್ನುವ ಅಕ್ಕಿಯಲ್ಲಿ ಬಹುಪಾಲು ಅಲ್ಲೇ ಬೆಳೆಯುತ್ತಿತ್ತು. ಡುವಾಲಿಯೆ ಓಡಿದ ಮೇಲೆ ಬಂದ ಸೇನಾ ಸರ್ಕಾರದ ಕಾಲದಲ್ಲಿ ಸುಂಕ ಇಳಿಯಲು ಶುರುವಾಗಿತ್ತು. 1995ರಲ್ಲಿ ಅಕ್ಕಿಯ ಮೇಲಿನ ಸುಂಕವನ್ನು ಶೇ. 35ರಿಂದ ಶೇ. 3ಕ್ಕೆ ತಂದರು. ಅಮೆರಿಕದ ಅಕ್ಕಿ, ಅಲ್ಲಿನ ಸರ್ಕಾರ ಸಬ್ಸಿಡಿ ಕೊಟ್ಟು ಬೆಳೆಸಿದ ಅಕ್ಕಿ, ಹಡಗುಗಟ್ಟಲೆ ಬಂದು ಬಿತ್ತು. ಜನ ಅದನ್ನು ಮಿಯಾಮಿ ಅಕ್ಕಿ ಅನ್ನುತ್ತಾರೆ. ಪೇಟೆಯ ಬಡವರಿಗೆ ಮೊದಮೊದಲು ಅಗ್ಗ ಅನ್ನಿಸಿತು. ಆರ್ಟಿಬೊನೀಟ್ ರೈತ ಆ ದರಕ್ಕೆ ಮಾರಲು ಆಗದೆ ಗದ್ದೆ ಬಿಟ್ಟ. ಮಕ್ಕಳು ಪೋರ್ಟ್-ಒ-ಪ್ರಿನ್ಸ್‌ನ ಸ್ಲಮ್ಮು ಸೇರಿದರು. 2008ರಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಅಕ್ಕಿ ಬೆಲೆ ಏರಿತು, ಹೈಟಿಯಲ್ಲಿ ಹಸಿದವರು ದಂಗೆ ಎದ್ದರು. ಈಗ ತಿನ್ನುವ ಅಕ್ಕಿಯಲ್ಲಿ ಸುಮಾರು ಶೇ. 80 ಹೊರಗಿನದು.

2010ರ ಮಾರ್ಚ್‌ನಲ್ಲಿ, 1995ರಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಇದು ತಪ್ಪಾಗಿತ್ತು ಅಂದರು. ಆ ನೀತಿಯಿಂದ ತಮ್ಮ ಅರ್ಕನ್ಸಾ ರಾಜ್ಯದ ಕೆಲವು ರೈತರಿಗೆ ಒಳ್ಳೆಯದಾಗಿರಬಹುದು, ಹೈಟಿಗೆ ಆಗಲಿಲ್ಲ ಅಂತ ಒಪ್ಪಿಕೊಂಡರು. ಅಷ್ಟು ದೊಡ್ಡ ಹುದ್ದೆಯಲ್ಲಿದ್ದವರು ಬಾಯಿಬಿಟ್ಟು ಹೀಗೆ ಹೇಳುವುದು ಅಪರೂಪ. ಅದಕ್ಕೆ ಗೌರವ ಕೊಡುತ್ತೇನೆ. ಆದರೆ ಇಲ್ಲಿ ಒಂದು ಪ್ರಶ್ನೆ ಇದೆ, ಇವತ್ತಿನ ನನ್ನ ಮಾತೆಲ್ಲ ಅದರ ಸುತ್ತಲೇ ಇದೆ. ಅಕ್ಕಿ ಸುಂಕ ಎಷ್ಟಿರಬೇಕು ಅಂತ ಹೈಟಿಯ ಮತದಾರ ತೀರ್ಮಾನ ಮಾಡಲಿಲ್ಲ. ಅವನ ಗದ್ದೆ ಹಾಳಾದಾಗ ಅವನು ಯಾರನ್ನು ಸೋಲಿಸಬೇಕು? ಅರ್ಕನ್ಸಾದಲ್ಲಿ ಅವನಿಗೆ ಮತ ಇಲ್ಲ. ಪೋರ್ಟ್-ಒ-ಪ್ರಿನ್ಸ್‌ನಲ್ಲಿ ಮತ ಇದೆ, ಆದರೆ ಅಲ್ಲಿದ್ದವರ ಕೈಯಲ್ಲಿ ಆ ತೀರ್ಮಾನ ಇರಲಿಲ್ಲ. ಬೆಂಕಿ ಆರಿಸಲು ಬಂದ ನೆರೆಯವರು ಮನೆಯ ಬೀಗದ ಕೈಯನ್ನು ತಾವೇ ಇಟ್ಟುಕೊಂಡಂತೆ ಆಯಿತು.

ಮುಂದಿನದನ್ನು ಬೇಗ ಹೇಳುತ್ತೇನೆ. ಅರಿಸ್ಟೀಡ್ 1995ರಲ್ಲಿ, ತಮ್ಮನ್ನು ಓಡಿಸಿದ್ದ ಆ ಸೈನ್ಯವನ್ನು ವಿಸರ್ಜಿಸಿದರು. ಅದು ಧೈರ್ಯದ ಕೆಲಸ. 2001ರಲ್ಲಿ ಮತ್ತೆ ಅಧ್ಯಕ್ಷರಾದರು. ಅವರ ಎರಡನೇ ಆಡಳಿತದಲ್ಲಿ ತಪ್ಪುಗಳಾದವು, ಅವರ ಕಡೆಯವರೂ ಬೀದಿಯಲ್ಲಿ ಗೂಂಡಾಗಿರಿ ಮಾಡಿದರು. ಅವರ ಅಭಿಮಾನಿಗಳು ಇದನ್ನು ಮುಚ್ಚಿಡಬಾರದು. 2004ರ ಫೆಬ್ರವರಿ 29ರ ಮುಂಜಾನೆ, ದಂಗೆಕೋರರು ರಾಜಧಾನಿಯ ಹತ್ತಿರ ಬಂದಾಗ, ಅಮೆರಿಕ ಒದಗಿಸಿದ ವಿಮಾನದಲ್ಲಿ ಅವರು ಮಧ್ಯ ಆಫ್ರಿಕಾಕ್ಕೆ ಹೋದರು. ಸ್ವಂತ ಇಚ್ಛೆಯಿಂದ ಹೋದರು ಅಂತ ಅಮೆರಿಕ ಹೇಳಿತು, ನನ್ನನ್ನು ಅಪಹರಿಸಿದರು ಅಂತ ಅವರು ಹೇಳಿದರು. ಅದೇ ವರ್ಷ ಜೂನ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ಬಂತು. 2017ರವರೆಗೆ ಇತ್ತು. ನಮ್ಮ ದೇಶದ ಪೊಲೀಸ್ ತುಕಡಿಗಳೂ ಅದರಲ್ಲಿ ಕೆಲಸ ಮಾಡಿದವು.

2010ರ ಜನವರಿ 12ರ ಭೂಕಂಪ ನಿಮಗೆ ನೆನಪಿರಬಹುದು. ಅದೇ ಅಕ್ಟೋಬರ್‌ನಲ್ಲಿ ಇನ್ನೊಂದು ಕೇಡು ಬಂತು. ಮಿರ್ಬಲೆ ಊರಿನ ಹತ್ತಿರ ಶಾಂತಿಪಾಲಕರ ಶಿಬಿರ ಇತ್ತು. ಆಗಷ್ಟೇ ನೇಪಾಳದಿಂದ ಬಂದ ತುಕಡಿ ಅಲ್ಲಿತ್ತು. ಶಿಬಿರದ ಪಾಯಿಖಾನೆಯ ಹೊಲಸು ಪಕ್ಕದ ತೊರೆಗೆ ಸೇರಿತು. ಆ ತೊರೆ ಹೋಗಿ ಕೂಡುವುದು ಆರ್ಟಿಬೊನೀಟ್ ನದಿಗೆ, ನಾನು ಆಗ ಹೇಳಿದ ಭತ್ತದ ಬಯಲಿನ ನದಿಗೆ. ಗದ್ದೆಯಲ್ಲಿ ದುಡಿಯುವವರು ಕುಡಿಯುತ್ತಿದ್ದುದು ಅದೇ ನೀರು. ಕಾಲರಾ ಹರಡಿತು. ಅದಕ್ಕೂ ಹಿಂದೆ ಹೈಟಿಯಲ್ಲಿ ನೂರು ವರ್ಷದಲ್ಲಿ ಕಾಲರಾ ದಾಖಲಾಗಿರಲಿಲ್ಲ. ಸುಮಾರು 8 ಲಕ್ಷ ಜನರಿಗೆ ಬಂತು, ಸುಮಾರು 10,000 ಜನ ಸತ್ತರು.

ನೇಪಾಳದ ಆ ಹುಡುಗರನ್ನು ದೂರಿ ಪ್ರಯೋಜನ ಇಲ್ಲ. ಶಿಬಿರದ ಪೈಪು, ಗುಂಡಿ ಸರಿಯಾಗಿದೆಯಾ ಅಂತ ನೋಡಬೇಕಾದವರು ಮೇಲಿನವರು. ಸತ್ತವರ ಮನೆಯವರು ನ್ಯೂಯಾರ್ಕಿನ ಕೋರ್ಟಿಗೆ ಹೋದರು. ವಿಶ್ವಸಂಸ್ಥೆಗೆ ಕಾನೂನಿನ ರಕ್ಷಣೆ ಇದೆ, ಅದರ ಮೇಲೆ ದಾವೆ ನಡೆಯದು ಅಂತ 2015ರಲ್ಲಿ ಕೇಸು ವಜಾ ಆಯಿತು. ಮೇಲ್ಮನವಿಯೂ ವಜಾ ಆಯಿತು. ಪ್ರಧಾನ ಕಾರ್ಯದರ್ಶಿ ಬಾನ್ ಕಿ-ಮೂನ್ ಹೈಟಿಯ ಜನರ ಕ್ಷಮೆ ಕೇಳಿದ್ದು 2016ರ ಡಿಸೆಂಬರ್‌ನಲ್ಲಿ, ಆರು ವರ್ಷದ ಮೇಲೆ. ಪರಿಹಾರಕ್ಕೆ 40 ಕೋಟಿ ಡಾಲರ್ ಕೂಡಿಸುತ್ತೇವೆ ಅಂದರು. ದೇಶಗಳು ಕೊಟ್ಟದ್ದು ಅದರ ಸಣ್ಣ ಪಾಲು. ಕಾನೂನಿನ ಆಳ್ವಿಕೆ ಕಲಿಸಲು ಬಂದ ಪಡೆಯನ್ನು ಕಾನೂನಿನ ಮುಂದೆ ನಿಲ್ಲಿಸಲು ಹೈಟಿಯ ರೈತನಿಗೆ ದಾರಿಯೇ ಇರಲಿಲ್ಲ.

ಕಾಲರಾ ಹರಡುತ್ತಿದ್ದಾಗಲೇ, 2010ರ ನವೆಂಬರ್ 28ರಂದು ಚುನಾವಣೆ ಮಾಡಿಸಿದರು. ಲಕ್ಷಾಂತರ ಜನ ಇನ್ನೂ ಟೆಂಟಿನಲ್ಲಿದ್ದರು. ಅರಿಸ್ಟೀಡ್ ಪಕ್ಷಕ್ಕೆ ಸ್ಪರ್ಧಿಸಲು ಬಿಡಲಿಲ್ಲ. ನಾಲ್ಕರಲ್ಲಿ ಒಬ್ಬ ಮತದಾರನೂ ಮತ ಹಾಕಲಿಲ್ಲ. ಎರಡನೇ ಸುತ್ತಿಗೆ ಯಾರು ಹೋಗಬೇಕು ಅಂತ ಜಗಳ ಬಂದಾಗ, ಅಮೆರಿಕ ರಾಷ್ಟ್ರಗಳ ಸಂಘಟನೆಯ ತಜ್ಞರ ತಂಡವೊಂದು ಕೆಲವು ಮತಪಟ್ಟಿಗಳನ್ನು ಪರಿಶೀಲಿಸಿ, ಎರಡನೇ ಸ್ಥಾನದಲ್ಲಿದ್ದ ಜೂಡ್ ಸೆಲೆಸ್ತಾಂ ಬದಲು ಗಾಯಕ ಮಿಶೆಲ್ ಮಾರ್ಟೆಲಿ ಹೋಗಬೇಕು ಅಂತ ಹೇಳಿತು. ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಹಿಲರಿ ಕ್ಲಿಂಟನ್ ಸ್ವತಃ ಬಂದು ಹೈಟಿಯ ಅಧ್ಯಕ್ಷರ ಜೊತೆ ಮಾತಾಡಿದರು. ಮಾರ್ಟೆಲಿ ಎರಡನೇ ಸುತ್ತಿಗೆ ಹೋದರು, ಗೆದ್ದರು. ಎಣಿಕೆಯಲ್ಲಿ ಮೋಸ ಇತ್ತಾ? ಇದ್ದಿರಬಹುದು. ಹಾಗಿದ್ದರೆ ಮತ್ತೆ ಚುನಾವಣೆ ಮಾಡಬೇಕಿತ್ತು.

(ಇಲ್ಲಿಗೆ ಮಾತು ಮುಗಿಸಿದೆ. ಮುಂದಿನವು ಪ್ರಶ್ನೆಗಳು.)

ಒಬ್ಬರು ಕೇಳಿದರು: "ಸರ್, ಜರ್ಮನಿ, ಜಪಾನ್‌ನಲ್ಲಿ ಹೊರಗಿನವರೇ ಬಂದು ಪ್ರಜಾಪ್ರಭುತ್ವ ಕಟ್ಟಿದರಲ್ವಾ? ಹೈಟಿಯಲ್ಲಿ ಯಾಕೆ ಆಗಲಿಲ್ಲ?"

ಒಳ್ಳೆಯ ಪ್ರಶ್ನೆ. ಆ ಎರಡೂ ದೇಶಗಳಲ್ಲಿ ಯುದ್ಧಕ್ಕೆ ಮುಂಚೆಯೇ ಪಕ್ಷ, ಸಂಸತ್ತು, ಕಾರ್ಖಾನೆ, ಶಾಲೆ ಎಲ್ಲ ಇದ್ದವು. ಅದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ನೆಲದ ವಿಷಯದಲ್ಲಿದೆ ಅಂತ ನನಗೆ ಅನ್ನಿಸುತ್ತದೆ. ಜಪಾನ್‌ನಲ್ಲಿ ಅಮೆರಿಕದ ಆಡಳಿತ ಇದ್ದಾಗ ಜಮೀನುದಾರರ ಗದ್ದೆಗಳನ್ನು ತೆಗೆದು ಗೇಣಿ ರೈತರಿಗೆ ಕೊಟ್ಟರು. ಹೈಟಿಯಲ್ಲಿ ಸಂಸತ್ತನ್ನು ಮುಚ್ಚಿ, ರೈತರ ನೆಲವನ್ನು ವಿದೇಶಿ ಕಂಪನಿಗಳಿಗೆ ತೆರೆದರು. ಬಂದ ಸೈನ್ಯ ಒಂದೇ ದೇಶದ್ದು. ಜಪಾನ್ ಗಟ್ಟಿಯಾಗಿ ನಿಂತರೆ ಅಮೆರಿಕಕ್ಕೆ ಏಷ್ಯಾದಲ್ಲಿ ಬಲ. ಹೈಟಿಯಿಂದ ಅವರಿಗೆ ಬೇಕಿದ್ದದ್ದು ಸಾಲದ ಕಂತು ಮತ್ತು ಸದ್ದಿಲ್ಲದ ನೆರೆ.

ಇನ್ನೊಬ್ಬರು, ಕಾಲೇಜಿನಲ್ಲಿ ಓದುವ ಹುಡುಗಿ, ಕೇಳಿದಳು: "ಹಾಗಾದ್ರೆ ಪಕ್ಕದ ದೇಶದಲ್ಲಿ ಜನ ಸಾಯುತ್ತಿದ್ದರೂ ಸುಮ್ನೆ ನೋಡ್ತಾ ಕೂರಬೇಕಾ?"

ಇಲ್ಲಮ್ಮ. ನಮ್ಮದೇ ಉದಾಹರಣೆ ಹೇಳುತ್ತೇನೆ. 1988ರ ನವೆಂಬರ್‌ನಲ್ಲಿ ಮಾಲ್ಡೀವ್ಸ್‌ನಲ್ಲಿ ಬಾಡಿಗೆ ಬಂದೂಕುಧಾರಿಗಳು ಸರ್ಕಾರ ಕಸಿಯಲು ನೋಡಿದಾಗ, ಅಧ್ಯಕ್ಷ ಗಯೂಮ್ ಕರೆದರು ಅಂತ ನಮ್ಮ ಪ್ಯಾರಾಟ್ರೂಪರ್‌ಗಳು ಆಗ್ರಾದಿಂದ ಹಾರಿ ಹೋದರು. ಕೆಲಸ ಮುಗಿಸಿದರು. ಅದು ಸರ್ಕಾರವನ್ನು ಉಳಿಸಿತು. ಪ್ರಜಾಪ್ರಭುತ್ವ ತರಲಿಲ್ಲ, ತರುತ್ತೇವೆ ಅಂತ ನಾವು ಹೇಳಲೂ ಇಲ್ಲ. ಗಯೂಮ್ ಆಮೇಲೂ ಇಪ್ಪತ್ತು ವರ್ಷ ಆಳಿದರು. 2008ರಲ್ಲಿ ಮತ ಹಾಕಿ ಅವರನ್ನು ಇಳಿಸಿದವರು ಮಾಲ್ಡೀವ್ಸ್‌ನ ಜನ. ಮಾಲ್ಡೀವ್ಸ್‌ಗೆ ಹೋಗುವ ಹಿಂದಿನ ವರ್ಷ, 1987ರಲ್ಲಿ, ಶ್ರೀಲಂಕಾಕ್ಕೆ ಹೋದ ನಮ್ಮ ಶಾಂತಿಪಾಲನಾ ಪಡೆ ಯಾರ ನಡುವೆ ನಿಲ್ಲಲು ಹೋಗಿತ್ತೋ ಅವರಲ್ಲಿ ಒಂದು ಕಡೆಯವರ ಜೊತೆಯೇ ಕಾದಾಡಬೇಕಾಯಿತು. 1990ರಲ್ಲಿ ವಾಪಸ್ ಬರುವ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿದ್ದೆವು. ಆ ನೆಲದ ತಮಿಳು ಜನರೂ ತುಂಬ ಕಳೆದುಕೊಂಡರು. ಹಾಗಾಗಿ ಹೋಗುವ ಮುಂಚೆ, ಅಲ್ಲಿನ ಜನ ಏನು ಕೇಳುತ್ತಿದ್ದಾರೆ ಅಂತ ಕಿವಿ ಕೊಡಬೇಕು.

ಹೈಟಿಯ ವಿಷಯದಲ್ಲಿ ಆ ಕಿವಿ ಕೊಡಲಿಲ್ಲ. 2021ರ ಜುಲೈ 7ರಂದು ಅಧ್ಯಕ್ಷ ಮೊಯೀಸ್ ಅವರನ್ನು ಅವರ ಮನೆಯಲ್ಲೇ ಕೊಂದರು. ಹತ್ತು ದಿನದ ಮೇಲೆ, ಅಮೆರಿಕ, ಫ್ರಾನ್ಸ್, ಕೆನಡಾ ಮೊದಲಾದ ದೇಶಗಳ ರಾಯಭಾರಿಗಳು ಸೇರಿದ ಗುಂಪೊಂದು ಏರಿಯಲ್ ಆನ್ರಿ ಸರ್ಕಾರ ರಚಿಸಲಿ ಅಂತ ಹೇಳಿಕೆ ಕೊಟ್ಟಿತು. ಮೂರು ದಿನದಲ್ಲಿ ಅವರು ಪ್ರಮಾಣವಚನ ತೆಗೆದುಕೊಂಡರು. ಆಗಸ್ಟ್ 30ರಂದು ರಾಜಧಾನಿಯ ಮೊಂಟಾನಾ ಹೋಟೆಲಿನಲ್ಲಿ ಹೈಟಿಯ ರೈತ ಸಂಘಗಳು, ಕಾರ್ಮಿಕ ಸಂಘಗಳು, ಚರ್ಚಿನವರು, ಪಕ್ಷಗಳು ಸೇರಿ ತಾವೇ ಒಂದು ಒಪ್ಪಂದ ಬರೆದವು: ಎರಡು ವರ್ಷದ ಮಧ್ಯಂತರ ಸರ್ಕಾರ, ಆಮೇಲೆ ಚುನಾವಣೆ. ಅದರಲ್ಲಿ ಕೊರತೆ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಹೊರಗಿನವರು ಅದನ್ನು ಬದಿಗಿಟ್ಟು ಆನ್ರಿ ಜೊತೆಯೇ ನಿಂತರು. ಅಮೆರಿಕದ ವಿಶೇಷ ಪ್ರತಿನಿಧಿ ಡೇನಿಯಲ್ ಫೂಟ್ ಆ ಸೆಪ್ಟೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಗೆಲ್ಲುವವನನ್ನು ನಾವೇ ಆರಿಸಬೇಕು ಅನ್ನುವ ಸೊಕ್ಕು ಮತ್ತೆ ಬಂದಿದೆ ಅನ್ನುವ ಅರ್ಥದಲ್ಲಿ ಪತ್ರ ಬರೆದರು.

2022ರ ಜನವರಿಯಲ್ಲಿ ಮೊಂಟಾನಾ ಗುಂಪು ಫ್ರಿಟ್ಜ್ ಜಾನ್ ಎಂಬ ಅರ್ಥಶಾಸ್ತ್ರಜ್ಞರನ್ನು ಮಧ್ಯಂತರ ಅಧ್ಯಕ್ಷ ಅಂತ ಆರಿಸಿತು. ಆನ್ರಿ ಒಪ್ಪಲಿಲ್ಲ. 2023ರ ಜನವರಿಯಲ್ಲಿ ಕೊನೆಯ ಹತ್ತು ಸೆನೆಟರ್‌ಗಳ ಅವಧಿ ಮುಗಿಯಿತು. ಇಡೀ ದೇಶದ ಮಟ್ಟದಲ್ಲಿ ಜನ ಆರಿಸಿದ ಒಬ್ಬ ಪ್ರತಿನಿಧಿಯೂ ಉಳಿಯಲಿಲ್ಲ. 2024ರ ಮಾರ್ಚ್‌ನಲ್ಲಿ ಗ್ಯಾಂಗುಗಳು ವಿಮಾನ ನಿಲ್ದಾಣವನ್ನೇ ಮುಚ್ಚಿಸಿದ್ದರಿಂದ ಆನ್ರಿ ದೇಶಕ್ಕೆ ಮರಳಲಾಗದೆ ರಾಜೀನಾಮೆ ಘೋಷಿಸಿದರು. ಆಗ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಹೊರದೇಶಗಳ ನಾಯಕರು ಕೂತು ಒಂಬತ್ತು ಜನರ ಮಂಡಳಿಯ ರೂಪರೇಷೆ ಮಾಡಿದರು. ವಿದೇಶಿ ಭದ್ರತಾ ಪಡೆಯನ್ನು ವಿರೋಧಿಸುವವರಿಗೆ ಅದರಲ್ಲಿ ಜಾಗವಿಲ್ಲ ಅಂತ ಷರತ್ತು ಹಾಕಿದರು. ಆ ಮಂಡಳಿಯಲ್ಲಿ ಕೊನೆಗೂ ಫ್ರಿಟ್ಜ್ ಜಾನ್ ಅವರಿಗೆ ಒಂದು ಕುರ್ಚಿ ಸಿಕ್ಕಿತು. ಅವರನ್ನು ಹೈಟಿಯ ಸಂಘಟನೆಗಳು ಆರಿಸಿ ಎರಡು ವರ್ಷ ಕಳೆದಿತ್ತು. ಆ ಎರಡು ವರ್ಷದಲ್ಲಿ ರಾಜಧಾನಿಯ ಬಹುಪಾಲು ಗ್ಯಾಂಗುಗಳ ಕೈ ಸೇರಿತ್ತು.